ಇಂದ್ರಾಳಿಯ ಏರು ಮತ್ತು ಎರಡು ಇಂಜಿನ್: ಟೂ ಸ್ಟ್ರೋಕ್ ಬಿಟ್ಟು ಫೋರ್ ಸ್ಟ್ರೋಕ್ ಕೊಳ್ಳುವವರಿಗೆ

ಕಟಪಾಡಿಯಿಂದ ಮಣಿಪಾಲಕ್ಕೆ ದಿನವೂ ಹೋಗಿಬರುವ ನನಗೆ ಇಂದ್ರಾಳಿಯ ಏರು ಒಂದು ತಕ್ಕಡಿ ಇದ್ದ ಹಾಗೆ. ಯಾವ ಗಾಡಿಯ ಕಸುವು ಎಷ್ಟು ಎಂದು ಒಂದೇ ನಿಮಿಷದಲ್ಲಿ ತೂಗಿ ಹೇಳುತ್ತದೆ. ಹತ್ತೊಂಬತ್ತು ವರ್ಷ ಆ ಏರನ್ನು 100 ಸಿಸಿಯ ಟೂ ಸ್ಟ್ರೋಕ್‌ನಲ್ಲಿ ಹತ್ತಿದೆ. ಈಗ ಏಳು ವರ್ಷಗಳಿಂದ ಅಷ್ಟೇ ಸಿಸಿಯ ಫೋರ್ ಸ್ಟ್ರೋಕ್‌ನಲ್ಲಿ ಹತ್ತುತ್ತಿದ್ದೇನೆ. ಹಳೆಯದರಲ್ಲಿ ಹಿಂದೆ ಹೆಂಡತಿ, ನಡುವೆ ಮಗ, ಹ್ಯಾಂಡಲಿಗೆ ತರಕಾರಿ ಚೀಲ ಇದ್ದರೂ ಮೂರನೇ ಗೇರಿನಲ್ಲೇ ಗಾಡಿ ಮೇಲೇರುತ್ತಿತ್ತು. ಹೊಸದರಲ್ಲಿ ರೈಲ್ವೆ ಸೇತುವೆ ಬರುವ ಮೊದಲೇ ಎರಡನೇ ಗೇರಿಗೆ ಇಳಿಸಬೇಕು. ಇಳಿಸಿದರೆ ಅದೂ ಹತ್ತುತ್ತದೆ, ಸದ್ದು ಗದ್ದಲವಿಲ್ಲದೆ, ಹೊಗೆಯಿಲ್ಲದೆ.

ಉಡುಪಿ, ಮಂಗಳೂರು ಕಡೆ ಇನ್ನೂ ಟೂ ಸ್ಟ್ರೋಕ್ ಓಡಿಸುವವರಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬರು ಪ್ರೀತಿಯಿಂದ ಇಟ್ಟುಕೊಂಡವರು. ಅವರ ಮನೆಯ ಚಾವಡಿಯಲ್ಲಿ ಆರ್‌ಎಕ್ಸ್ 100, ಸುಜುಕಿ ಸಮುರಾಯ್, ಅಪರೂಪಕ್ಕೆ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇರುತ್ತದೆ. ಇನ್ನೊಬ್ಬರು ಹೊಟ್ಟೆಪಾಡಿಗೆ ಇಟ್ಟುಕೊಂಡವರು. ಮೀನಿನ ಪೆಟ್ಟಿಗೆ ಕಟ್ಟಿದ, ಬಣ್ಣ ಹೋದ ಟಿವಿಎಸ್ ಎಕ್ಸ್‌ಎಲ್ ಅವರದು. ಇಬ್ಬರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಬದಲಾಯಿಸಬಹುದೇ? ಪಿಕಪ್ ಹೋಗುತ್ತದೆ, ಮೈಲೇಜ್ ಬರುತ್ತದೆ ಎನ್ನುವುದನ್ನು ಅವರೇ ಹೇಳುತ್ತಾರೆ. ಆಯಿಲ್ ವಿಷಯ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಬದಲಾಯಿಸಿದವರ ಇಂಜಿನ್ ಕೆಡುವುದು ಅಲ್ಲೇ. ಆದ್ದರಿಂದ ಈ ಬರಹದಲ್ಲಿ ಆಯಿಲ್‌ಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಂದೇ ಸಿಸಿ, ಬೇರೆ ಬೇರೆ ಬಲ

ನಮ್ಮ ದೇಶದಲ್ಲಿ 100 ಸಿಸಿಯ ಈ ಎರಡು ಬಗೆಯ ದೊಡ್ಡ ಹೆಸರುಗಳು ಒಂದೇ ವರ್ಷ ಬಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಕೂಡ ಬಂತು. ಒಂದು 97.2 ಸಿಸಿಯ ಫೋರ್ ಸ್ಟ್ರೋಕ್, ಇನ್ನೊಂದು 98 ಸಿಸಿಯ ಟೂ ಸ್ಟ್ರೋಕ್. ಗಾತ್ರದಲ್ಲಿ ಹೆಚ್ಚುಕಡಿಮೆ ಸಮ. ಬಲದಲ್ಲಿ ಆರ್‌ಎಕ್ಸ್‌ನದು 11 ಎಚ್‌ಪಿ; ಸಿಡಿ 100ರ ಇಂಜಿನ್ನಿನ ವಂಶದ ಸ್ಪ್ಲೆಂಡರ್ ಇವತ್ತಿಗೂ 8 ಎಚ್‌ಪಿಯ ಆಸುಪಾಸಿನಲ್ಲಿದೆ.

ಕಾರಣ ಸರಳ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಒಂದು ಸುತ್ತು ತಿರುಗಿದರೆ ಒಮ್ಮೆ ಪೆಟ್ರೋಲ್ ಉರಿದು ಪಿಸ್ಟನ್‌ಗೆ ಹೊಡೆತ ಬೀಳುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಟೂ ಸ್ಟ್ರೋಕ್‌ಗೆ ಫೋರ್ ಸ್ಟ್ರೋಕ್‌ನಂಥ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹಾಗಾಗಿ ಅದು ಹಗುರ, ಸರಳ, ಚುರುಕು. ಆದರೆ ಉರಿದ ಹೊಗೆ ಹೊರಗೆ ಹೋಗುವ ಹೊತ್ತಿಗೇ ಹೊಸ ಪೆಟ್ರೋಲ್ ಒಳಗೆ ಬರುತ್ತದೆ. ಅದರಲ್ಲೊಂದು ಪಾಲು ಉರಿಯದೆ, ಬಂದ ಹಾಗೆಯೇ ಸೈಲೆನ್ಸರ್ ದಾಟಿಬಿಡುತ್ತದೆ. ಮೈಲೇಜ್ ಕಡಿಮೆಯಾಗುವುದೂ, ಹಿಂದೆ ಬರುವವರ ಕಣ್ಣು ಉರಿಯುವುದೂ ಇದರಿಂದಲೇ. ಹೊಗೆಯ ನಿಯಮಗಳು ಬಿಗಿಯಾದಂತೆ ಈ ಬೈಕುಗಳು ಹಿಂದೆ ಸರಿದದ್ದಕ್ಕೂ ಇದೇ ಮೂಲ. ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲೇ ನಿಂತಿತು.

ಆರ್‌ಎಕ್ಸ್‌ನಂಥ ಗಾಡಿಯಿಂದ ಇಳಿಯುವವರಿಗೆ ನನ್ನದೊಂದು ಖಚಿತ ಸಲಹೆ ಇದೆ: 100 ಸಿಸಿಗೆ ಹೋಗಬೇಡಿ, 125ಕ್ಕೆ ಹೋಗಿ. ಇಂದಿನ 125 ಸಿಸಿ ಫೋರ್ ಸ್ಟ್ರೋಕ್‌ಗಳು ಸುಮಾರು ಹತ್ತೂವರೆ ಎಚ್‌ಪಿ ಕೊಡುತ್ತವೆ. ತೂಕ ಹೆಚ್ಚಿರುವುದರಿಂದ ಹಳೆಯ ನೆಗೆತ ಸಿಗುವುದಿಲ್ಲ, ಆದರೆ ಏರಿನಲ್ಲಿ ಮನಸ್ಸು ಮುದುಡುವುದಿಲ್ಲ. ನಾನು ಮೈಲೇಜ್ ಒಂದನ್ನೇ ನೋಡಿ 100 ಸಿಸಿ ಕೊಂಡೆ; ಮೊದಲ ಆರು ತಿಂಗಳು ಪ್ರತಿ ಸಂಜೆ ಹಳೆಯ ಗಾಡಿಯನ್ನು ನೆನೆಯುತ್ತಾ ಮನೆಗೆ ಬಂದೆ. ಎಕ್ಸ್‌ಎಲ್‌ನಿಂದ ಬದಲಾಯಿಸುವವರಿಗೆ ಮಾತ್ರ ಈ ಮಾತು ಬೇಡ, ಅವರಿಗೆ 100 ಸಿಸಿ ಧಾರಾಳ.

ದುಡ್ಡಿನ ಲೆಕ್ಕ

ನನ್ನ ಓಡಾಟ ದಿನಕ್ಕೆ 30 ಕಿಲೋಮೀಟರ್, ತಿಂಗಳಿಗೆ 25 ದಿನ, ಅಂದರೆ 750 ಕಿಲೋಮೀಟರ್. ಹಳೆಯ ಗಾಡಿ ಲೀಟರಿಗೆ 40 ಕೊಡುತ್ತಿತ್ತು, ಹೊಸದು ನಮ್ಮ ರಸ್ತೆಯಲ್ಲಿ 60 ಕೊಡುತ್ತದೆ. ತಿಂಗಳಿಗೆ ಸುಮಾರು 19 ಲೀಟರ್ ಕುಡಿಯುತ್ತಿದ್ದ ಕಡೆ ಈಗ ಹನ್ನೆರಡೂವರೆ ಸಾಕು. ವರ್ಷಕ್ಕೆ 75 ಲೀಟರ್ ಉಳಿತಾಯ. ಲೀಟರಿಗೆ ನೂರು ರೂಪಾಯಿ ಹಿಡಿದರೂ ಏಳೂವರೆ ಸಾವಿರ.

ಆಯಿಲ್‌ನಲ್ಲಿ ಉಳಿಯುವುದು ಅಷ್ಟೇನೂ ಇಲ್ಲ. ಪೆಟ್ರೋಲ್ ಲೀಟರಿಗೆ 20 ಮಿಲಿಲೀಟರ್ ಲೆಕ್ಕದಲ್ಲಿ ಹಳೆಯದಕ್ಕೆ ವರ್ಷಕ್ಕೆ ನಾಲ್ಕೂವರೆ ಲೀಟರ್ ಟೂ-ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಉರಿಯುವ ಆಯಿಲ್, ಬೇಕಿತ್ತು. ಹೊಸದಕ್ಕೆ ಮೂರು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸುತ್ತೇನೆ, ಪ್ರತಿ ಸಲ ಒಂದು ಲೀಟರಿಗೆ ಸ್ವಲ್ಪ ಕಡಿಮೆ. ರಿಪೇರಿಯಲ್ಲಿ ತಾಳ ಬೇರೆ. ಟೂ ಸ್ಟ್ರೋಕ್‌ಗೆ ಬೋರ್, ಪಿಸ್ಟನ್, ರಿಂಗ್ ಕೆಲಸ ಬೇಗ ಬರುತ್ತದೆ, ಆದರೆ ಬೆಳಿಗ್ಗೆ ಬಿಚ್ಚಿದರೆ ಸಂಜೆಗೆ ಮುಗಿಯುವಂಥದ್ದು. ಫೋರ್ ಸ್ಟ್ರೋಕ್‌ನ ಇಂಜಿನ್ ಕೆಲಸ ಬಹಳ ವರ್ಷ ಬರುವುದಿಲ್ಲ; ಬಂದಾಗ ಹೆಡ್, ವಾಲ್ವ್, ಟೈಮಿಂಗ್ ಚೈನ್ ಎಲ್ಲವೂ ಸೇರಿ ದೊಡ್ಡ ಬಿಲ್ಲು.

ದಿನಕ್ಕೆ ಐದು ಕಿಲೋಮೀಟರ್ ಮಾತ್ರ ಓಡಿಸುವವರು ಇದೇ ಲೆಕ್ಕ ಹಾಕಿದರೆ ವರ್ಷಕ್ಕೆ ಸಾವಿರದ ಇನ್ನೂರೈವತ್ತು ರೂಪಾಯಿ ಉಳಿಯುತ್ತದೆ. ಹಣಕ್ಕಾಗಿಯೇ ಆದರೆ ಅವರು ಬದಲಾಯಿಸುವ ಅಗತ್ಯವಿಲ್ಲ.

ಆಯಿಲ್: ಕೈ ಕಲಿತದ್ದನ್ನು ಮರೆಯಬೇಕಾದ ಜಾಗ

ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಒಳಗೆ ಹೋಗಿ, ಪಿಸ್ಟನ್ನನ್ನೂ ಬೇರಿಂಗನ್ನೂ ತೋಯಿಸಿ, ಕೊನೆಗೆ ಉರಿದುಹೋಗುತ್ತದೆ. ಇಂಜಿನ್ನಿಗೆ ಪ್ರತಿ ಕ್ಷಣ ಹೊಸ ಆಯಿಲ್. ಬಂಕಿನಲ್ಲಿ ಅಳತೆ ಮಾಡಿ ಸುರಿದೆವೋ, ಅಥವಾ ಪಕ್ಕದ ಡಬ್ಬಿ ತುಂಬಿಸಿದೆವೋ, ನಮ್ಮ ಜವಾಬ್ದಾರಿ ಮುಗಿಯಿತು. ಗೇರ್ ಆಯಿಲ್ ಬೇರೆ ಇದೆ, ಅದನ್ನು ವರ್ಷಕ್ಕೊಮ್ಮೆ ನೆನೆದರೂ ಗಾಡಿ ಕ್ಷಮಿಸುತ್ತಿತ್ತು.

ಫೋರ್ ಸ್ಟ್ರೋಕ್‌ನಲ್ಲಿ ಒಂದು ಲೀಟರಿಗೂ ಕಡಿಮೆ ಆಯಿಲ್ ಇಂಜಿನ್ನಿನ ಅಡಿಯಲ್ಲಿ ಕುಳಿತು ಪಿಸ್ಟನ್, ಕ್ಯಾಮ್, ಕ್ಲಚ್, ಗೇರ್ ಎಲ್ಲವನ್ನೂ ಸಾಕಬೇಕು. ಅದೇ ಆಯಿಲ್ ಮತ್ತೆ ಮತ್ತೆ ಸುತ್ತುತ್ತದೆ, ಕಪ್ಪಾಗುತ್ತದೆ, ತೆಳುವಾಗುತ್ತದೆ, ಹಳೆಯ ಇಂಜಿನ್ ಆದರೆ ಸದ್ದಿಲ್ಲದೆ ಕಡಿಮೆಯೂ ಆಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ನಾನು ಕೊಂಡದ್ದು ಸೆಕೆಂಡ್‌ಹ್ಯಾಂಡ್ ಗಾಡಿ. ನಾಲ್ಕನೇ ತಿಂಗಳು ಚೈನ್ ಬಿಗಿ ಮಾಡಿಸಲು ಮನೆಯ ಹತ್ತಿರದ ಗ್ಯಾರೇಜಿನಲ್ಲಿ ನಿಲ್ಲಿಸಿದ್ದೆ. ಮೆಕ್ಯಾನಿಕ್ ಹುಡುಗ ಮಾತನಾಡುತ್ತಲೇ ಇಂಜಿನ್ನಿನ ಬಲಬದಿಯ ಕಪ್ಪು ಮುಚ್ಚಳವನ್ನು ತಿರುಗಿಸಿ ತೆಗೆದ. ಮುಚ್ಚಳಕ್ಕೆ ಅಂಟಿಕೊಂಡಂತೆ ಒಂದು ಕಡ್ಡಿ. ಅದನ್ನು ಹಳೆಯ ಬನಿಯನ್ ತುಂಡಿನಿಂದ ಒರೆಸಿ, ತಿರುಗಿಸಿ ಬಿಗಿಸದೆ ಸುಮ್ಮನೆ ಒಳಗಿಳಿಸಿ, ಮತ್ತೆ ತೆಗೆದು ನನ್ನ ಕಣ್ಣ ಮುಂದೆ ಹಿಡಿದ. ಕಡ್ಡಿಯ ಮೇಲಿನ ಎರಡು ಗೆರೆಗಳ ನಡುವೆ ಆಯಿಲ್ ಇರಬೇಕಿತ್ತು. ತುತ್ತತುದಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಹನಿ ಇತ್ತು, ಅಷ್ಟೆ.

“ಅಣ್ಣಾ, ಕೊನೆಯ ಸಲ ಆಯಿಲ್ ನೋಡಿದ್ದು ಯಾವಾಗ?” ಎಂದು ಕೇಳಿದ.

ನೋಡಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಮೂರು ಸಾವಿರ ಕಿಲೋಮೀಟರ್ ಓಡಿಸಿದ್ದೆ. ಅಂದು ಚೈನ್ ಸಡಿಲವಾಗಿದ್ದರಿಂದ ಆ ಇಂಜಿನ್ ಉಳಿಯಿತು. ಆಮೇಲಿನಿಂದ ಪ್ರತಿ ಭಾನುವಾರ ಬೆಳಿಗ್ಗೆ, ಗಾಡಿಯನ್ನು ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ಕಡ್ಡಿ ನೋಡುತ್ತೇನೆ. ಅರ್ಧ ನಿಮಿಷದ ಕೆಲಸ. ಬದಲಾಯಿಸುವವರೆಲ್ಲರೂ ಮೊದಲ ದಿನವೇ ಇದನ್ನು ರೂಢಿ ಮಾಡಿಕೊಳ್ಳಬೇಕು. ಬಂಕಿನಲ್ಲಿ ಅಭ್ಯಾಸಬಲದಿಂದ ಪೆಟ್ರೋಲ್‌ಗೆ ಟೂ-ಟಿ ಆಯಿಲ್ ಸೇರಿಸಿಬಿಡುವವರೂ ಇದ್ದಾರೆ. ಅದರಿಂದ ಪ್ಲಗ್ ಮಸಿ ಹಿಡಿಯುತ್ತದೆ, ಹೊಸ ಗಾಡಿಗಳ ಸೈಲೆನ್ಸರಿನೊಳಗೆ ಹೊಗೆ ಶುದ್ಧ ಮಾಡುವ ಭಾಗವೂ ಹಾಳಾಗುತ್ತದೆ.

ಹೊಗೆಯ ಅರ್ಥವೂ ಬದಲಾಗುತ್ತದೆ. ಟೂ ಸ್ಟ್ರೋಕ್‌ಗೆ ತೆಳು ನೀಲಿ ಹೊಗೆ ಆರೋಗ್ಯದ ಲಕ್ಷಣ, ಆಯಿಲ್ ಬರುತ್ತಿದೆ ಎಂಬ ಸಮಾಧಾನ. ಫೋರ್ ಸ್ಟ್ರೋಕ್‌ನಲ್ಲಿ ನೀಲಿ ಹೊಗೆ ಕಂಡರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ ಎಂದೇ ತಿಳಿಯಬೇಕು. ಸೆಕೆಂಡ್‌ಹ್ಯಾಂಡ್ ನೋಡಲು ಹೋದಾಗ ಇದು ಬಹಳ ಮುಖ್ಯ, ಏಕೆಂದರೆ ಹೊಗೆಗೆ ಒಗ್ಗಿಹೋದ ನಮ್ಮ ಕಣ್ಣು ಅದನ್ನು ದೋಷವೆಂದು ಗುರುತಿಸುವುದೇ ಇಲ್ಲ. ಇಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ.

ಮಳೆ, ಉಪ್ಪುಗಾಳಿ ಮತ್ತು ಈಗಿನ ಪೆಟ್ರೋಲ್

ಬಯಲುಸೀಮೆಯವರ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಸಮುದ್ರದ ಗಾಳಿಯಲ್ಲಿ ಸೈಲೆನ್ಸರ್ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂಬುದು ಮಲ್ಪೆ, ಪಡುಬಿದ್ರಿ, ಉಳ್ಳಾಲದವರಿಗೆ ಗೊತ್ತು. ಈ ಒಂದು ವಿಷಯದಲ್ಲಿ ಟೂ ಸ್ಟ್ರೋಕ್‌ನದೇ ಮೇಲುಗೈ: ಒಳಗೆಲ್ಲ ಆಯಿಲ್ ಮೆತ್ತಿಕೊಂಡಿರುವುದರಿಂದ ಒಳಗಿನ ತುಕ್ಕು ಕಡಿಮೆ. ಕಟ್ಟಿಕೊಳ್ಳುವ ಮಸಿಯನ್ನು ಆಗಾಗ ತೆಗೆಸುತ್ತಿರಬೇಕು, ಅಷ್ಟೆ. ಫೋರ್ ಸ್ಟ್ರೋಕ್‌ನ ಹೊಗೆಯಲ್ಲಿರುವ ನೀರಿನಂಶ ಸೈಲೆನ್ಸರಿನಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಅಂಗಡಿಗೆಂದು ಒಂದು ಕಿಲೋಮೀಟರ್ ಹೋಗಿ ನಿಲ್ಲಿಸುವವರಿಗೆ ಈ ತೊಂದರೆ ಹೆಚ್ಚು. ವಾರಕ್ಕೊಮ್ಮೆಯಾದರೂ ಹತ್ತು ಹದಿನೈದು ಕಿಲೋಮೀಟರ್ ಒಂದೇ ಸಮನೆ ಓಡಿಸಿ, ಆ ನೀರು ಆವಿಯಾಗಿ ಹೋಗಲಿ.

ಟೂ ಸ್ಟ್ರೋಕ್ ಇಟ್ಟುಕೊಂಡವರಿಗೆ ನಿಜವಾದ ಆತಂಕ ಪೆಟ್ರೋಲಿನದು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರಿಗೆ ಮೊದಲು ಇಳಿಯುವುದು ತಳದ್ದು, ಅಂದರೆ ಆಯಿಲ್ ಇಲ್ಲದ್ದು.

ಮೀನು ಮಾರುವವರ ಎಕ್ಸ್‌ಎಲ್‌ಗೆ ಇದು ಹೇಗೆ ತಾಗುತ್ತದೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರು ಖಾಲಿ, ಬಹಳಷ್ಟು ಗಾಡಿಗಳು ಮನೆಯ ಮಾಡಿನಡಿ ನಿಲ್ಲುತ್ತವೆ. ಮಳೆ ಧೋ ಎಂದು ಸುರಿಯುವುದೂ ಅದೇ ಎರಡು ತಿಂಗಳು. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿಕೊಂಡು, ತುಕ್ಕು ಹಿಡಿದ ಮುಚ್ಚಳದಡಿ, ತೇವದ ಗಾಳಿಯಲ್ಲಿ ಅರವತ್ತು ದಿನ ನಿಂತ ಗಾಡಿಯನ್ನು ಆಗಸ್ಟ್ ಮೊದಲ ದಿನ ಕಿಕ್ ಹೊಡೆದು ನೇರ ಬಂದರಿಗೆ ಓಡಿಸಿದರೆ ಪಿಸ್ಟನ್‌ಗೆ ಏನಾಗಬಹುದು ಎಂದು ಊಹಿಸಿ.

ಎಥನಾಲ್‌ನಿಂದ ಇನ್ನೊಂದು ತೊಂದರೆ ಇದೆ. ಹಳೆಯ ಕಾರ್ಬೊರೇಟರಿನ ಅಳತೆಗೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ; ಇಂಜಿನ್ ಹೆಚ್ಚು ಕಾಯುತ್ತದೆ. ತೆಳು ಮಿಶ್ರಣ ಏನು ಮಾಡುತ್ತದೆ ಎಂಬುದನ್ನು ನಾನು ಬೇರೆ ಕಾರಣಕ್ಕೆ ಅನುಭವಿಸಿದ್ದೇನೆ. ಕುಂದಾಪುರದಿಂದ ಬರುತ್ತಾ ಬ್ರಹ್ಮಾವರ ದಾಟಿ ಕಲ್ಯಾಣಪುರ ಸೇತುವೆಯ ಹತ್ತಿರ ಬಂದಾಗ ಇಂಜಿನ್ನಿನ ಸ್ವರ ಇದ್ದಕ್ಕಿದ್ದಂತೆ ತೆಳುವಾಯಿತು, ಯಾರೋ ಗಂಟಲು ಹಿಡಿದ ಹಾಗೆ. ಮರುಕ್ಷಣ ಹಿಂದಿನ ಚಕ್ರ ಕಿರ್ರೆಂದು ಕಚ್ಚಿತು. ಎಡಗೈ ತಾನಾಗಿ ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಬಿಚ್ಚಿ ನೋಡಿದರೆ ಮ್ಯಾಗ್ನೆಟ್ ಬದಿಯ ಆಯಿಲ್ ಸೀಲ್ ಒಣಗಿ ಬಿರಿದು, ಅಲ್ಲಿಂದ ಗಾಳಿ ಎಳೆದುಕೊಂಡಿತ್ತು. ಪಿಸ್ಟನ್ನಿನ ಮೈಮೇಲೆ ಉಗುರಿನಿಂದ ಗೀರಿದಂಥ ನಾಲ್ಕು ಉದ್ದ ಗೆರೆಗಳು. ಟೂ ಸ್ಟ್ರೋಕ್ ಉಳಿಸಿಕೊಳ್ಳುವುದಾದರೆ ರಬ್ಬರ್ ಭಾಗಗಳನ್ನೂ ಎರಡು ಬದಿಯ ಸೀಲ್‌ಗಳನ್ನೂ ಮೊದಲು ಬದಲಿಸಿ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಒಂದು ಅಳತೆ ದೊಡ್ಡದು ಬೇಕೇ ಎಂದು ಅನುಭವಿ ಮೆಕ್ಯಾನಿಕ್ ಹತ್ತಿರ ಕೇಳಿ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿರಿ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಚಿಂತೆಯಿಲ್ಲ. ಸುಣ್ಣದಂತೆ ಬೆಳ್ಳಗಿದ್ದರೆ ಓಡಿಸಬೇಡಿ.

ಘಾಟಿಯಲ್ಲಿ

ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವು. ಹತ್ತುವಾಗ ಟೂ ಸ್ಟ್ರೋಕ್‌ನ ಸುಖವೇ ಬೇರೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಇಳಿಯುವಾಗ ಲೆಕ್ಕ ತಿರುಗುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡನೇ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆ ಹಿಡಿತ ಬಹಳ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಜೊತೆಗೆ ಪೆಟ್ರೋಲ್‌ನಲ್ಲೇ ಆಯಿಲ್ ಬೆರೆಸುವ ಗಾಡಿಯಾದರೆ, ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿದಾಗ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಬರುವುದಿಲ್ಲ. ನಡುನಡುವೆ ಒಮ್ಮೆ ಆಕ್ಸಿಲರೇಟರ್ ತಿರುಗಿಸಿ ಬಿಡುವುದು ಹಳಬರ ಕ್ರಮ, ಅದು ಸರಿಯಾದ ಕ್ರಮ. 2019ರ ಏಪ್ರಿಲ್ ನಂತರದ ಸಣ್ಣ ಬೈಕುಗಳಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ ಇದೆ. ಕೆಂಪು ಮಣ್ಣು ಹರಡಿದ ಒದ್ದೆ ರಸ್ತೆಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಹೀರೋ ಹೋಂಡಾ ವಂಶದ 100 ಸಿಸಿ ಗಾಡಿಗಳಲ್ಲಿ ನಾಲ್ಕೂ ಗೇರ್ ಮುಂದಕ್ಕೇ ತುಳಿಯುವುದು. ನಿಮ್ಮ ಹಳೆಯ ಗಾಡಿಯ ಕ್ರಮ ಬೇರೆಯಾಗಿದ್ದರೆ ಮೊದಲ ವಾರ ಪೇಟೆಗೆ ಒಯ್ಯದೆ ಒಳರಸ್ತೆಯಲ್ಲಿ ಕಾಲನ್ನು ಪಳಗಿಸಿ.

ಹೊರೆ ಹೊರುವವರಿಗೆ

ಎಕ್ಸ್‌ಎಲ್ ಸೂಪರ್ 70 ಸಿಸಿಯ ಟೂ ಸ್ಟ್ರೋಕ್. ಅದರ ಜಾಗಕ್ಕೆ 2015ರಲ್ಲಿ ಬಂದ ಎಕ್ಸ್‌ಎಲ್ 100, 99.7 ಸಿಸಿಯ ಫೋರ್ ಸ್ಟ್ರೋಕ್. ಇಲ್ಲಿ ಬಲ ಕಳೆದುಕೊಳ್ಳುವ ಪ್ರಶ್ನೆಯೇ ಇಲ್ಲ, ಎಳೆತ ಹೆಚ್ಚೇ ಆಗಿದೆ. ಮೀನಿನ ಪೆಟ್ಟಿಗೆ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಹೊರುವವರಿಗೆ ನನ್ನ ಮಾತು ಸ್ಪಷ್ಟ: ಇಂದೇ ಬದಲಾಯಿಸಿ. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಮನೆ ಮನೆ ಸುತ್ತುವವರ ಮೂಗಿಗೆ ಆ ಹೊಗೆ ಬೇಡ, ಜೇಬಿಗೆ ಆ ಖರ್ಚು ಬೇಡ. ನಿಂತು ನಿಂತು ಹೋಗುವ ಕೆಲಸದಲ್ಲಿ ಸೆಲ್ಫ್ ಸ್ಟಾರ್ಟ್ ಇರುವುದೂ ಮೊಣಕಾಲಿಗೆ ದೊಡ್ಡ ಉಪಕಾರ. ಎರಡರಲ್ಲೂ ಗೇರಿಲ್ಲ, ಕ್ಲಚ್ ತಾನಾಗಿ ಹಿಡಿಯುವಂಥದ್ದು. ಆದ್ದರಿಂದ ಕಡಿದಾದ ಗುಡ್ಡದ ರಸ್ತೆಯಲ್ಲಿ ತುಂಬು ಹೊರೆಯೊಂದಿಗೆ ಅರ್ಧದಲ್ಲಿ ನಿಲ್ಲಿಸಬೇಡಿ. ಅಲ್ಲಿಂದ ಮತ್ತೆ ಹೊರಡಿಸುವಾಗ ಕ್ಲಚ್ ಸುಡುತ್ತದೆ.

ಶಂಕರಪುರದ ಮಲ್ಲಿಗೆ ಒಯ್ಯುವವರಿಗೆ ಹೊರೆಯ ಚಿಂತೆಯಿಲ್ಲ. ಎಂಟುನೂರು ಹೂವಿನ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹತ್ತು ಅಟ್ಟೆ ಇದ್ದರೂ ಗಾಡಿಗೆ ಹಗುರ. ಅವರಿಗೆ ಬೇಕಾದದ್ದು ಮಳೆಗಾಲದ ಬೆಳಿಗ್ಗೆ ತಪ್ಪದೆ ಸ್ಟಾರ್ಟ್ ಆಗುವ ಗಾಡಿ.

ಯಾವ ಕಾಲದ ಫೋರ್ ಸ್ಟ್ರೋಕ್?

2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆಯ ನಿಯಮ ಬಂದ ಮೇಲೆ ಸ್ಪ್ಲೆಂಡರ್, ಎಕ್ಸ್‌ಎಲ್ 100ರಂಥ ಗಾಡಿಗಳಿಗೆ ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಬೆಳಿಗ್ಗೆ ಚೋಕ್ ಎಳೆಯುವ ಕೆಲಸವಿಲ್ಲ. ಆದರೆ ಬ್ಯಾಟರಿ ಸೋತರೆ ಹಳೆಯ ಗಾಡಿಯಂತೆ ತಳ್ಳಿ ಹೊರಡಿಸುವುದು ಕಷ್ಟ, ಉಪ್ಪುಗಾಳಿಗೆ ವೈರಿನ ಕನೆಕ್ಟರುಗಳು ಹಸಿರು ಕಟ್ಟುತ್ತವೆ, ಸಣ್ಣ ದೋಷಕ್ಕೂ ಸ್ಕ್ಯಾನರ್ ಇರುವ ಕಡೆ ಒಯ್ಯಬೇಕಾಗಬಹುದು. ಪೇಟೆಯಲ್ಲಿರುವವರು ಹೊಸದನ್ನೇ ಕೊಳ್ಳಲಿ. ಹೆಬ್ರಿ, ಬೈಂದೂರಿನ ಒಳಭಾಗದವರು, ತಾವೇ ಪಾನಾ ಹಿಡಿಯುವವರು 2017ರಿಂದ 2020ರ ನಡುವಿನ ಕಾರ್ಬೊರೇಟರ್ ಗಾಡಿ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ತೆಗೆದುಕೊಳ್ಳಬಹುದು. ವಾಲ್ವ್ ಸಡಿಲವಾಗಿ ಬರುವ ಟ್ಯಾಪೆಟ್ ಸದ್ದು ಇರಲಿ, ಸರಿಪಡಿಸಬಹುದು. ಚೈನ್ ಉಜ್ಜಿದಂಥ ಕರಕರ ಸದ್ದು ಇಂಜಿನ್ ಒಳಗಿನಿಂದ ಬಂದರೆ ಟೈಮಿಂಗ್ ಚೈನ್ ನೋಡಿಸದೆ ಮುಂಗಡ ಕೊಡಬೇಡಿ.

ಕಾಗದಪತ್ರದ ಮಾತು ಚಿಕ್ಕದು. ಕೆಎ 19 ಇರಲಿ, ಕೆಎ 20 ಇರಲಿ, ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹೊಗೆ ತಪಾಸಣೆಯಲ್ಲಿ 2000ದ ಮಾರ್ಚ್ 31ರ ನಂತರ ತಯಾರಾದ ಟೂ ಸ್ಟ್ರೋಕ್‌ಗೆ ಹೈಡ್ರೋಕಾರ್ಬನ್ (ಉರಿಯದೆ ಉಳಿದ ಇಂಧನ) ಮಿತಿ 6,000 ಪಿಪಿಎಂ, ಆಗಿನ ಫೋರ್ ಸ್ಟ್ರೋಕ್‌ಗೆ 4,500. ಅದಕ್ಕೂ ಹಳೆಯವಕ್ಕೆ 9,000. ಮಸಿ ತೆಗೆಸಿ, ಏರ್ ಫಿಲ್ಟರ್ ತೊಳೆದು, ಆಯಿಲ್ ಅಳತೆಯಲ್ಲಿ ಹಾಕಿದ ಗಾಡಿ ತಪಾಸಣೆಯಲ್ಲಿ ಪಾಸಾಗುತ್ತದೆ. ನನ್ನದು ಪ್ರತಿ ಸಲ ಪಾಸಾಗಿದೆ.

ಹೌದು, ಹಳೆಯದನ್ನು ನಾನು ಮಾರಿಲ್ಲ. ದಿನದ ಕೆಲಸ ಫೋರ್ ಸ್ಟ್ರೋಕ್‌ನದು. ಹಳೆಯದು ಭಾನುವಾರ ಮಟ್ಟು ಕಡೆಗೋ ಪಡುಕೆರೆಗೋ ಹೋಗಿ ಬರುತ್ತದೆ. ನಿಮಗೂ ಹಾಗೆ ಎರಡನ್ನೂ ಇಟ್ಟುಕೊಳ್ಳುವ ಅನುಕೂಲವಿದ್ದರೆ ಮೇ ಕೊನೆಯ ವಾರ ಇಷ್ಟು ಮಾಡಿ: ಟ್ಯಾಂಕ್ ಮತ್ತು ಕಾರ್ಬೊರೇಟರ್ ಎರಡನ್ನೂ ಪೂರ್ತಿ ಖಾಲಿ ಮಾಡಿ, ಪ್ಲಗ್ ತೂತಿನಿಂದ ಒಂದು ಚಮಚ ಟೂ-ಟಿ ಆಯಿಲ್ ಬಿಟ್ಟು, ಕಿಕ್ಕನ್ನು ಕೈಯಲ್ಲಿ ಮೆಲ್ಲನೆ ನಾಲ್ಕು ಸಲ ಒತ್ತಿ, ಪ್ಲಗ್ ಮುಚ್ಚಿ, ಸೈಲೆನ್ಸರಿನ ಬಾಯಿಗೆ ಎಣ್ಣೆ ಹಚ್ಚಿದ ಬಟ್ಟೆ ತುರುಕಿಡಿ. ಸೋನೆ ನಿಂತ ಮೇಲೆ ಆ ಬಟ್ಟೆ ತೆಗೆದು, ಹೊಸ ಪೆಟ್ರೋಲ್ ಹಾಕಿ, ಮೊದಲ ಎರಡು ಲೀಟರಿಗೆ ಆಯಿಲನ್ನು ಸ್ವಲ್ಪ ಧಾರಾಳವಾಗಿ ಬೆರೆಸಿ.